ಪೇರಲ: ಹುಬ್ಬಳ್ಳಿ–ಧಾರವಾಡದ ಹಣ್ಣು ಮತ್ತು ಅದರ ಆಂಟಿಆಕ್ಸಿಡೆಂಟ್ ಗುಣದ ಚರಿತ್ರೆ

ಪೇರಲ: ಮಿರ್ಟೇಸಿ ಕುಟುಂಬದ ಹಣ್ಣಿನ ಮರ. ಮೈಸೂರು ಸೀಮೆಯಲ್ಲಿ ಸೀಬೆ, ಕರಾವಳಿಯಲ್ಲಿ ಪೇರಳೆ. ನೇರಳೆ, ಲವಂಗಗಳೂ ಇದೇ ಕುಟುಂಬದವು. ತವರು ಉಷ್ಣವಲಯದ ಅಮೆರಿಕ; ಇಲ್ಲಿಗೆ ತಂದವರು ಪೋರ್ಚುಗೀಸರು. ಪಿಯರ್ ಹಣ್ಣಿಗೆ ಅವರು ‘ಪೇರ’ ಎನ್ನುತ್ತಿದ್ದರು; ಅದೇ ಮರಾಠಿಯಲ್ಲಿ ಪೇರೂ, ನಮ್ಮಲ್ಲಿ ಪೇರಲ ಆಯಿತು.

ಅವಳಿ ನಗರದಲ್ಲಿ ಪೇರಲ ಎಂದರೆ ನವಲೂರು. ಹುಬ್ಬಳ್ಳಿ, ಧಾರವಾಡಗಳ ನಡುವಿನ ಈ ಊರು ಈಗ ಮಹಾನಗರ ಪಾಲಿಕೆಯೊಳಗಿದೆ. ಹುಬ್ಬಳ್ಳಿಯಿಂದ ಮೂಡಣಕ್ಕೆ ಎರಿ ಹೊಲ, ಧಾರವಾಡದಿಂದ ಪಡುವಣಕ್ಕೆ ಮಸಾರಿ ಮಣ್ಣು ಮತ್ತು ಮಲೆನಾಡಿನ ಸೆರಗು; ನವಲೂರು ಇವೆರಡರ ನಡುವೆ. ಪೇರಲ ಮರ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಹೂಬಿಡುತ್ತದೆ. ಮಳೆಗಾಲದ ಹಣ್ಣು ನೀರು ನೀರು. ಚಳಿಗಾಲದ್ದು ಗಟ್ಟಿ, ಸಿಹಿ, ಸಿ ಜೀವಸತ್ವವೂ ಅದರಲ್ಲೇ ಹೆಚ್ಚು. ಧಾರವಾಡದ ಹೆಸರು ಪೇಡೆಯ ಬೆನ್ನಿಗೆ ಬಿದ್ದು ಈ ಹಣ್ಣಿಗೆ ಸಿಗಬೇಕಾದ ಮರ್ಯಾದೆ ಸಿಗಲಿಲ್ಲ.

‘ಆಂಟಿಆಕ್ಸಿಡೆಂಟ್’ ಮೊದಲು ಅಡುಗೆಮನೆಯ ಮಾತಲ್ಲ, ಕಾರ್ಖಾನೆಯದು: ರಬ್ಬರ್ ಬಿರಿಯದಂತೆ, ಎಣ್ಣೆ ಕಮಟು ಹಿಡಿಯದಂತೆ ಬೆರೆಸುವ ವಸ್ತು. ಹಣ್ಣಿನ ಗುಣ ಕಂಡದ್ದು ಬೇರೆ ದಾರಿಯಲ್ಲಿ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ವಸಡು ಕೊಳೆಯುವ ಸ್ಕರ್ವಿ ರೋಗಿಗಳಿಗೆ ಬೇರೆ ಬೇರೆ ಮದ್ದು ಕೊಟ್ಟು ನೋಡಿದ. ಬೇಗ ಎದ್ದವರು ಕಿತ್ತಳೆ, ನಿಂಬೆ ತಿಂದವರು. ಆ ಹಣ್ಣುಗಳಲ್ಲಿದ್ದ ವಸ್ತು, ಆಂಟಿಆಕ್ಸಿಡೆಂಟೇ ಆದ ಸಿ ಜೀವಸತ್ವ, ಕೈಗೆ ಸಿಗಲು ಮತ್ತೆ ಸುಮಾರು 180 ವರ್ಷ ಬೇಕಾಯಿತು. ಹಂಗೆರಿಯ ಆಲ್ಬರ್ಟ್ ಸೆಂಟ್‌ಗ್ಯೋರ್ಗಿ ಅದನ್ನು ಬೇರ್ಪಡಿಸಿ 1937ರಲ್ಲಿ ನೊಬೆಲ್ ಪಡೆದರು. ಅವರಿಗೆ ಸಿ ಜೀವಸತ್ವ ರಾಶಿಗಟ್ಟಲೆ ದೊರೆತದ್ದು ಹಣ್ಣಿನಲ್ಲಲ್ಲ, ತಮ್ಮೂರಿನ ಕೆಂಪು ಮೆಣಸಿನಕಾಯಿಯಲ್ಲಿ. ಬ್ಯಾಡಗಿ ಮಗ್ಗುಲಿಗೇ ಇರುವ ನಮಗೆ ಇದು ರುಚಿಸುವ ಸುದ್ದಿ. ಆದರೆ ಒಣಗಿಸಿ ಕುಟ್ಟಿದ ಖಾರದಪುಡಿಯಲ್ಲಿ ಆ ಸತ್ವದ ಬಹುಪಾಲು ಹೋಗಿರುತ್ತದೆ.

ಪೇರಲದಲ್ಲಿ 100 ಗ್ರಾಂಗೆ ಸುಮಾರು 200 ಮಿಲಿಗ್ರಾಂ ಸಿ ಜೀವಸತ್ವ. ಕಿತ್ತಳೆಯಲ್ಲಿ 50ರ ಆಸುಪಾಸು. ನೆಲ್ಲಿಕಾಯಿ ಇದನ್ನೂ ಮೀರಿಸುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದ ದಿನದ ಪ್ರಮಾಣ ಗಂಡಸರಿಗೆ 80, ಹೆಂಗಸರಿಗೆ 65 ಮಿಲಿಗ್ರಾಂ. ಸಣ್ಣದೊಂದು ಹಣ್ಣು ಸಾಕು. ಸತ್ವ ಹೆಚ್ಚಿರುವುದು ಸಿಪ್ಪೆಯಲ್ಲಿ ಮತ್ತು ಅದಕ್ಕೆ ಅಂಟಿದ ತಿರುಳಿನಲ್ಲಿ. ಹೆರೆದು ತಿನ್ನುವವರು ಅದನ್ನೇ ಎಸೆಯುತ್ತಾರೆ. ಕೆಂಪು ತಿರುಳಿನ ಜಾತಿಯಲ್ಲಿ ಟೊಮೆಟೊಗೆ ಬಣ್ಣ ಕೊಡುವ ಲೈಕೋಪಿನ್ ಕೂಡ ಇದೆ. ಬಿಳಿ ತಿರುಳಿನ ‘ಲಖನೌ 49’ರಲ್ಲಿ ಆ ಬಣ್ಣವಿಲ್ಲ. ಹೆಸರಿಗೆ ಲಖನೌ ಆದರೂ ಆ ತಳಿಯನ್ನು ಆರಿಸಿದ್ದು ಪುಣೆಯಲ್ಲಿ.

1956ರಲ್ಲಿ ಅಮೆರಿಕದ ವಿಜ್ಞಾನಿ ಡೆನ್ಹಮ್ ಹಾರ್ಮನ್ ಮುಪ್ಪಿಗೆ ದೇಹದೊಳಗಿನ ಚಂಚಲ ಅಣುಗಳಾದ ಫ್ರೀ ರ‍್ಯಾಡಿಕಲ್‌ಗಳು ಕಾರಣ ಎಂದರು. ಹಾಗಾದರೆ ಅವನ್ನು ತಣಿಸುವ ಆಂಟಿಆಕ್ಸಿಡೆಂಟನ್ನು ಗುಳಿಗೆಯಾಗಿ ನುಂಗಿದರಾಯಿತಲ್ಲ? ಫಿನ್ಲೆಂಡಿನಲ್ಲಿ 29,133 ಮಂದಿ ಸಿಗರೇಟು ಚಟದ ಗಂಡಸರ ಮೇಲೆ ಪರೀಕ್ಷೆ ನಡೆಯಿತು. 1994ರಲ್ಲಿ ಫಲಿತಾಂಶ ಬಂದಾಗ ಬೀಟಾ ಕ್ಯಾರೊಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಾಗಿತ್ತು. 2012ರಲ್ಲಿ ಕಾಕ್ರೇನ್ ಸಂಸ್ಥೆ 78 ಪರೀಕ್ಷೆಗಳನ್ನು ಒಟ್ಟಿಗಿಟ್ಟು ನೋಡಿದಾಗಲೂ ಗುಳಿಗೆಯಿಂದ ಆಯುಷ್ಯ ಹೆಚ್ಚಿದ ಸಾಕ್ಷಿ ಸಿಗಲಿಲ್ಲ. ಹಣ್ಣು ತಿನ್ನುವವರಿಗೆ ಹೃದ್ರೋಗ ಕಡಿಮೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಅದರ ಶ್ರೇಯ ಆಂಟಿಆಕ್ಸಿಡೆಂಟ್ ಒಂದರದೇ ಎನ್ನಲಾಗದು. ನಾರು, ಪೊಟ್ಯಾಸಿಯಂಗಳೂ ಹಣ್ಣಿನೊಳಗೇ ಇವೆ. ‘ಕ್ಯಾನ್ಸರ್‌ಗೆ ರಾಮಬಾಣ’ ಎಂಬ ಫಲಕಗಳನ್ನು ನಂಬಬೇಕಿಲ್ಲ.

ಖಚಿತವಾಗಿ ಹೇಳಬಹುದಾದ ಲಾಭ ನಮ್ಮ ಊಟಕ್ಕೆ ಹೊಂದುವಂಥದು. ಜೋಳದ ರೊಟ್ಟಿ, ಕಾಳುಪಲ್ಯೆಯಲ್ಲಿ ಕಬ್ಬಿಣವಿದ್ದರೂ ಅವುಗಳಲ್ಲೇ ಇರುವ ಫೈಟೇಟ್ ಎಂಬ ವಸ್ತು ಅದನ್ನು ಪೂರಾ ಮೈಗೆ ಹತ್ತಗೊಡುವುದಿಲ್ಲ. ಸಿ ಜೀವಸತ್ವ ಆ ತಡೆಯನ್ನು ಸಡಿಲಿಸುತ್ತದೆ. ಹಣ್ಣನ್ನು ಊಟದ ಜೊತೆಗೋ ಬೆನ್ನಿಗೋ ತಿನ್ನಬೇಕು.

ಪುಣೆ–ಬೆಂಗಳೂರು (ಪಿ.ಬಿ.) ರಸ್ತೆಯ ಬದಿಯಲ್ಲಿ ಬುಟ್ಟಿ ಇಟ್ಟುಕೊಂಡವರು ಹಣ್ಣನ್ನು ಬುಡದವರೆಗೆ ಸೀಳದೆ ನಾಲ್ಕು ಹೋಳಾಗಿ ಅರಳಿಸಿ, ನಡುವೆ ಉಪ್ಪುಖಾರ ಒತ್ತಿ ಕೊಡುತ್ತಾರೆ. ಕೊಯ್ದ ಹಣ್ಣನ್ನು ಹಾಗೇ ಬಿಟ್ಟರೆ ಅಂಚು ಕಂದುತ್ತದೆ, ಗಾಳಿಗೆ ಸಿ ಜೀವಸತ್ವವೂ ಕರಗುತ್ತ ಹೋಗುತ್ತದೆ. ನವಲೂರಿನ ತೋಟಗಳಲ್ಲಿ ಎಷ್ಟೋ ಲೇಔಟುಗಳಾಗಿವೆ. ಈಗ ಬುಟ್ಟಿಯಲ್ಲಿರುವುದೆಲ್ಲ ನವಲೂರಿನದೇ ಆಗಿರಬೇಕೆಂದಿಲ್ಲ. ಕೇಳಿದರೆ ಮಾತ್ರ ‘ನವಲೂರದ್ದs ರೀ’ ಎನ್ನುತ್ತಾರೆ.