ಜೋಳದ ಪಾಳಿಯೂ ಒಬ್ಬ ಜರ್ಮನ್ ದಂಡನಾಯಕನೂ

ಹಳಗನ್ನಡ ಕಾವ್ಯದ ಪಾಠ ಹೇಳುವಾಗ ‘ಜೋಳದ ಪಾಳಿ’ ಎಂಬ ಮಾತು ಬಂದಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುವುದುಂಟು. ಉಂಡ ಅನ್ನದ ಋಣವನ್ನು ಒಡೆಯನಿಗಾಗಿ ಪ್ರಾಣ ಕೊಟ್ಟು ತೀರಿಸುವ ವೀರವ್ರತ ಅದು. ನಮ್ಮ ನಾಡಿನ ವೀರಗಲ್ಲುಗಳಲ್ಲಿ ಎಷ್ಟೋ ಅದಕ್ಕೆ ಸಾಕ್ಷಿ. ಕೆಲವು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿ ಎದ್ದು ನಿಂತು, “ಸಾರ್, ಒಡೆಯನಿಗಾಗಿ ಪ್ರಾಣ ಕೊಡುವುದು ಸರಿ. ಒಡೆಯ ಹೇಳಿದನೆಂದು ಆಯುಧ ಕೆಳಗಿಟ್ಟವನ ಪ್ರಾಣ ತೆಗೆಯುವುದೂ ಜೋಳದ ಪಾಳಿಯೇ?” ಎಂದು ಕೇಳಿದ. ಅಶ್ವತ್ಥಾಮನ ಹೆಸರೆತ್ತಿ ಏನೋ ಹೇಳತೊಡಗಿದೆ. ಅಷ್ಟರಲ್ಲಿ ಗಂಟೆ ಬಾರಿಸಿತು, ನಾನು ಪಾರಾದೆ.

ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಎರಡನೆಯ ಮಹಾಯುದ್ಧದ ಚರಿತ್ರೆಯನ್ನು ಓದುವ ಹವ್ಯಾಸ ನನಗೆ ಮೊದಲಿನಿಂದಲೂ ಇದೆ. ಆ ಓದಿನಲ್ಲಿ ಸಿಕ್ಕಿದ ಒಬ್ಬ ಸೇನಾನಿಯ ಬದುಕನ್ನು ಈ ಪ್ರಶ್ನೆಯ ಬೆಳಕಿನಲ್ಲಿ ಮತ್ತೆ ನೋಡಬೇಕೆನಿಸಿತು. ಆತ ಜರ್ಮನಿಯ ಪರ್ವತ ಪದಾತಿದಳದ ಜನರಲ್ ಹೂಬರ್ಟ್ ಲಾಂಟ್ಸ್.

ಲಾಂಟ್ಸ್ ಹುಟ್ಟಿದ್ದು 1896ರಲ್ಲಿ, ದಕ್ಷಿಣ ಜರ್ಮನಿಯ ಎಂಟ್ರಿಂಗೆನ್ ಎಂಬ ಹಳ್ಳಿಯಲ್ಲಿ. ಹದಿನೆಂಟರ ಹರೆಯದಲ್ಲಿಯೇ ದಂಡಿಗೆ ಸೇರಿ ಮೊದಲನೆಯ ಮಹಾಯುದ್ಧವನ್ನು ಕಂಡವನು. ಮುಂದೆ 1940ರ ಅಕ್ಟೋಬರಿನಲ್ಲಿ ಒಂದನೆಯ ಪರ್ವತ ಡಿವಿಜನ್ನಿಗೆ ಅಧಿಪತಿಯಾದ. ಬಂಡೆಯೇರುವುದನ್ನೂ ಹಿಮದಲ್ಲಿ ನಡೆಯುವುದನ್ನೂ ಕಲಿತ ಯೋಧರ ದಂಡು ಅದು. ಫಿರಂಗಿಗಳನ್ನು ಬಿಡಿಬಿಡಿಯಾಗಿ ಕಳಚಿ ಹೇಸರಗತ್ತೆಗಳ ಬೆನ್ನಿಗೆ ಕಟ್ಟಿ ಬೆಟ್ಟ ಹತ್ತಿಸುತ್ತಿದ್ದರು. ಆಲ್ಪ್ಸ್ ಪರ್ವತದ ಎತ್ತರದಲ್ಲಿ ಅರಳುವ ಎಡೆಲ್‌ವೈಸ್ ಎಂಬ ಬಿಳಿಯ ಹೂ ಅವರ ಟೋಪಿಯ ಲಾಂಛನ.

ಈ ದಂಡಿನ ಹೆಸರು ಎಲ್ಲೆಡೆ ಹಬ್ಬಿದ್ದು 1942ರ ಆಗಸ್ಟ್ 21ರಂದು. ಆ ದಿನ ಕ್ಯಾಪ್ಟನ್ ಗ್ರೋಟ್ ಎಂಬವನ ಮುಂದಾಳ್ತನದ ತುಕಡಿಯೊಂದು ಕಾಕಸಸ್ ಪರ್ವತದ ಎಲ್ಬ್ರುಸ್ ಶಿಖರವನ್ನು ಏರಿ ಬಾವುಟ ನೆಟ್ಟಿತು. ಶಿಖರದ ಎತ್ತರ 5,642 ಮೀಟರು. ಜರ್ಮನ್ ಪ್ರಚಾರ ಯಂತ್ರ ಹಿಗ್ಗಿತು. ಆದರೆ ಹಿಟ್ಲರನಿಗೆ ಮಾತ್ರ ಕೆಂಡದಂಥ ಕೋಪ ಬಂದಿತೆಂದು ಅವನ ಮಂತ್ರಿ ಸ್ಪೀಯರ್ ಬರೆದಿದ್ದಾನೆ. ಸಮುದ್ರತೀರದ ರೇವುಗಳನ್ನು ಹಿಡಿಯಬೇಕಾದವರು ಬೆಟ್ಟ ಹತ್ತಿ ಕುಳಿತರೆಂಬುದು ಅವನ ಸಿಟ್ಟು. ಶಿಖರದಿಂದ ಯುದ್ಧಕ್ಕೆ ಕಿಲುಬು ಕಾಸಿನ ಪ್ರಯೋಜನವೂ ಆಗಲಿಲ್ಲ. ಮುಂದಿನ ವರ್ಷದ ಆರಂಭದಲ್ಲಿ ರಷ್ಯನ್ನರು ಆ ಬಾವುಟವನ್ನು ಕಿತ್ತು ತಮ್ಮದನ್ನು ನೆಟ್ಟರು.

1943ರ ಆದಿಯಲ್ಲಿ ಲಾಂಟ್ಸ್‌ಗೆ ಖಾರ್ಕೋವ್ ನಗರದ ರಕ್ಷಣೆಯ ಹೊಣೆ ಬಿತ್ತು. ಏನೇ ಆಗಲಿ ಊರು ಬಿಡಕೂಡದೆಂದು ಹಿಟ್ಲರನ ಆಜ್ಞೆ. ಲಾಂಟ್ಸ್ ಆ ಆಜ್ಞೆಯನ್ನು ತನ್ನ ಕೈಕೆಳಗಿನವರಿಗೆ ದಾಟಿಸಿದ. ಅವರಲ್ಲಿ ಎಸ್. ಎಸ್. ಪಡೆಯ ಹೌಸರ್ ಅದನ್ನು ಧಿಕ್ಕರಿಸಿ, ಫೆಬ್ರವರಿ 15ರಂದು ತನ್ನ ಟ್ಯಾಂಕುಗಳೊಂದಿಗೆ ಊರು ಬಿಟ್ಟು ಹೊರಟ. ತಮಾಷೆಯೆಂದರೆ, ಆಜ್ಞೆ ಮೀರಿದ ಹೌಸರ್ ತನ್ನ ಜಾಗದಲ್ಲೇ ಉಳಿದ. ಪದವಿ ಹೋದದ್ದು ಲಾಂಟ್ಸ್‌ನದು. ಅದೇ ದಿನಗಳಲ್ಲಿ ಹಿಟ್ಲರನನ್ನು ಸೆರೆಹಿಡಿಯಲು ಲಾಂಟ್ಸ್ ಕೆಲವರೊಡನೆ ಸಂಚು ಹೂಡಿದ್ದನೆಂಬ ಮಾತೂ ಉಂಟು. ಅದಕ್ಕೆ ಆಧಾರ, ಯುದ್ಧ ಮುಗಿದ ತರುವಾಯ ಸಂಬಂಧಪಟ್ಟವರು ಹೇಳಿದ ಮಾತುಗಳು. ವಾಚಕರು ಅದಕ್ಕೆ ಎಷ್ಟು ಬೆಲೆ ಕೊಡಬೇಕೋ ಅಷ್ಟನ್ನು ಕೊಡಲಿ.

ನನ್ನ ವಿದ್ಯಾರ್ಥಿಯ ಪ್ರಶ್ನೆ ಈತನಿಗೆ ಎದುರಾದದ್ದು ಗ್ರೀಸ್ ದೇಶದಲ್ಲಿ. ಆ ವರ್ಷದ ಸೆಪ್ಟೆಂಬರಿನಲ್ಲಿ ಅವನು 22ನೆಯ ಪರ್ವತ ಕೋರಿಗೆ ಅಧಿಪತಿಯಾಗಿ ಯಾನಿನಾ ಪಟ್ಟಣದಲ್ಲಿ ಬೀಡು ಬಿಟ್ಟಿದ್ದ. ಸೆಪ್ಟೆಂಬರ್ 8ರಂದು, ಅದುವರೆಗೆ ಜರ್ಮನಿಯ ಮಿತ್ರನಾಗಿದ್ದ ಇಟಲಿ ಕದನವಿರಾಮ ಸಾರಿತು. ಕೆಫಲೋನಿಯಾ ದ್ವೀಪದಲ್ಲಿ ಇಟಲಿಯ ಆಕ್ವಿ ಡಿವಿಜನ್ನಿನ ಸುಮಾರು ಹನ್ನೆರಡು ಸಾವಿರ ಸೈನಿಕರಿದ್ದರು. ಆಯುಧ ಒಪ್ಪಿಸಬೇಕೆಂದು ಜರ್ಮನರು ಕೇಳಿದರು. ಇಟಲಿಯ ಜನರಲ್ ಗಾಂದಿನ್ ಮಾಡಿದ್ದು ಸೈನ್ಯಗಳ ಇತಿಹಾಸದಲ್ಲಿ ಅಪರೂಪದ ಕೆಲಸ: ಸೈನಿಕರ ಅಭಿಪ್ರಾಯವನ್ನೇ ಕೇಳಿದ. ಅವರು ಹೋರಾಡುವುದೆಂದರು. ಸೆಪ್ಟೆಂಬರ್ 15ರಿಂದ ಒಂದು ವಾರ ಕಾದಾಟ ನಡೆಯಿತು. ಆಕಾಶವೆಲ್ಲ ಜರ್ಮನ್ ವಿಮಾನಗಳದು. 22ರಂದು ಇಟಲಿಯವರು ಸೋತು ಶರಣಾದರು.

ಅಷ್ಟರಲ್ಲಿ ಆಜ್ಞೆ ಬಂದಿತ್ತು: ಈ ದ್ವೀಪದಲ್ಲಿ ಯಾರನ್ನೂ ಸೆರೆಹಿಡಿಯಬಾರದು. ಬಿಳಿಯ ಬಟ್ಟೆ ಬೀಸಿ ಬಂದವರನ್ನು ಗುಂಪುಗುಂಪಾಗಿ ನಿಲ್ಲಿಸಿ ಸುಟ್ಟರು. 24ರ ಬೆಳಗ್ಗೆ ಗಾಂದಿನ್‌ನನ್ನೂ ಅವನ ಅಧಿಕಾರಿಗಳನ್ನೂ ಸಮುದ್ರದಂಚಿನ ಒಂದು ಕೆಂಪು ಮನೆಯ ಬಳಿಗೆ ಒಯ್ದು ಕೊಂದರು. ಸತ್ತವರ ಒಟ್ಟು ಸಂಖ್ಯೆಯಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಬಹುಕಾಲ ಹೇಳಿಕೊಂಡು ಬಂದ ಅಂಕಿ ಐದು ಸಾವಿರ, ಈಚಿನ ಕೆಲವರು ಅದಕ್ಕಿಂತ ಬಹಳ ಕಡಿಮೆ ಎನ್ನುತ್ತಾರೆ. ಬದುಕಿ ಉಳಿದವರನ್ನು ತುಂಬಿಕೊಂಡು ಹೊರಟ ಹಡಗುಗಳಲ್ಲಿ ಕೆಲವು ಮುಳುಗಿ ಇನ್ನಷ್ಟು ಜನ ಸತ್ತರು.

ಯುದ್ಧಾನಂತರ ನ್ಯೂರೆಂಬರ್ಗಿನ ನ್ಯಾಯಾಲಯದಲ್ಲಿ ಲಾಂಟ್ಸ್ ಕೊಟ್ಟ ಸಮಜಾಯಿಷಿ ಹೀಗಿದೆ: ಎಲ್ಲರನ್ನೂ ಕೊಲ್ಲೆಂಬ ಆಜ್ಞೆಗೆ ನಾನು ವಿರೋಧ ತಿಳಿಸಿದೆ; ಅದರಿಂದ ಅಧಿಕಾರಿಗಳನ್ನು ಮಾತ್ರ ಶಿಕ್ಷಿಸಬೇಕೆಂದು ಆಜ್ಞೆ ಬದಲಾಯಿತು. ಈ ಮಾತನ್ನು ಪೂರ್ತಿ ನಂಬೋಣ. ನಂಬಿದರೂ ಉಳಿಯುವುದೇನು? ಜೀವಗಳ ಮೇಲೆ ನಡೆದ ಒಂದು ಚೌಕಾಶಿ. ‘ಎಲ್ಲರೂ’ ಎಂಬಲ್ಲಿಂದ ‘ಅಧಿಕಾರಿಗಳು’ ಎಂಬಲ್ಲಿಗೆ ಬೆಲೆ ಇಳಿಯಿತು. ಅಷ್ಟಕ್ಕೆ ಆತ ಒಪ್ಪಿದ. ಆ ಇಳಿದ ಬೆಲೆಯನ್ನು ತೆತ್ತವರು ಕೆಂಪು ಮನೆಯ ಬಳಿ ನಿಂತವರು.

ಈ ಅರ್ಧ ನಿರಾಕರಣೆಗೂ ನಾನು ಮನಸ್ಸು ಕರಗಿಸಿಕೊಳ್ಳುತ್ತಿದ್ದೆನೋ ಏನೋ. ಆದರೆ ಒಂದೇ ವಾರದ ಅನಂತರದ ಇನ್ನೊಂದು ಕಾಗದವಿದೆ. ಅಕ್ಟೋಬರ್ 1ರಂದು ಜಾಲ್ಮಿಂಗರ್ ಎಂಬ ಜರ್ಮನ್ ಕರ್ನಲ್ ಗೆರಿಲ್ಲಾಗಳ ಹೊಂಚಿಗೆ ಬಲಿಯಾದ. ಸುತ್ತ ಇಪ್ಪತ್ತು ಕಿಲೋಮೀಟರುಗಳಲ್ಲಿ ನಿರ್ದಯವಾಗಿ ಸೇಡು ತೀರಿಸಬೇಕೆಂದು ಲಾಂಟ್ಸ್ ಬರೆದ. ಆಗ ಮೇಲಿನಿಂದ ಬಂದ ಆಜ್ಞೆಯನ್ನು ಅವನು ದಾಟಿಸುತ್ತಿರಲಿಲ್ಲ, ಮಾತು ಅವನದೇ. ಅಕ್ಟೋಬರ್ 3ರಂದು ಯಾನಿನಾದ ಸರೋವರಕ್ಕೆ ಎದುರಾಗಿ ಬೆಟ್ಟದ ಮೇಲಿರುವ ಲಿಂಗಿಯಾದೆಸ್ ಎಂಬ ಹಳ್ಳಿಯಲ್ಲಿ ಎಂಬತ್ತಕ್ಕೂ ಹೆಚ್ಚು ಜನರನ್ನು ಕೊಂದು ಮನೆಗಳಿಗೆ ಬೆಂಕಿಯಿಟ್ಟರು. ಸತ್ತವರಲ್ಲಿ ಬಹುಪಾಲು ಹೆಂಗಸರು, ಮಕ್ಕಳು, ಮುದುಕರು.

1948ರ ಫೆಬ್ರವರಿಯಲ್ಲಿ ತೀರ್ಪು ಹೊರಬಿತ್ತು. ಗಾಂದಿನ್ ಮತ್ತು ಅವನ ಅಧಿಕಾರಿಗಳು ಸಮವಸ್ತ್ರ ತೊಟ್ಟು ಬಹಿರಂಗವಾಗಿ ಆಯುಧ ಹಿಡಿದವರು, ಅವರನ್ನು ಕೊಂದದ್ದು ಅಪರಾಧ ಎಂದಿತು ನ್ಯಾಯಾಲಯ. ಹನ್ನೆರಡು ವರ್ಷಗಳ ಶಿಕ್ಷೆಯಾಯಿತು. ಆದರೆ 1951ರಲ್ಲಿಯೇ ಬಿಡುಗಡೆಯೂ ಆಯಿತು. 1954ರಲ್ಲಿ ಆತ ತನ್ನ ಡಿವಿಜನ್ನಿನ ಚರಿತ್ರೆಯನ್ನು ಬರೆದು ಪ್ರಕಟಿಸಿದ. ಒಂದು ರಾಜಕೀಯ ಪಕ್ಷಕ್ಕೆ ರಕ್ಷಣಾ ವಿಷಯಗಳ ಸಲಹೆಗಾರನಾದ. 1982ರಲ್ಲಿ, ಎಂಬತ್ತಾರರ ವಯಸ್ಸಿನಲ್ಲಿ ತೀರಿಕೊಂಡ. ಲಿಂಗಿಯಾದೆಸ್ ಮಾತ್ರ ಕಾಯುತ್ತಲೇ ಇತ್ತು. 2014ರ ಮಾರ್ಚಿನಲ್ಲಿ ಜರ್ಮನಿಯ ಅಧ್ಯಕ್ಷ ಗೌಕ್ ಆ ಹಳ್ಳಿಗೆ ಹೋಗಿ ಕ್ಷಮೆ ಬೇಡಿದರು. ಕೊಂದವರು ಆಡಬೇಕಾಗಿದ್ದ ಮಾತು ಎಪ್ಪತ್ತು ವರ್ಷಗಳ ಮೇಲೆ ಇನ್ನೊಬ್ಬರ ಬಾಯಿಂದ ಬಂತು.

ಆ ವಿದ್ಯಾರ್ಥಿ ಈಗ ಎಲ್ಲಿದ್ದಾನೋ ತಿಳಿಯದು. ಸಿಕ್ಕಿದರೆ ಅಂದು ಅರ್ಧಕ್ಕೆ ನಿಂತ ಉತ್ತರವನ್ನು ಮುಗಿಸುತ್ತೇನೆ. ಅಶ್ವತ್ಥಾಮ ಒಡೆಯನ ಋಣ ತೀರಿಸಲೆಂದೇ ರಾತ್ರಿ ಶಿಬಿರಕ್ಕೆ ನುಗ್ಗಿದ. ಮಲಗಿದ್ದ ಮಕ್ಕಳ ತಲೆಗಳನ್ನು ತಂದು ಮುಂದಿಟ್ಟಾಗ, ರನ್ನನ ಕಾವ್ಯದಲ್ಲಿ, ತೊಡೆಮುರಿದು ಬಿದ್ದಿದ್ದ ದುರ್ಯೋಧನನೇ ಮರುಗುತ್ತಾನೆ. ಒಡೆಯನೇ ಕೈಚಾಚಿ ತೆಗೆದುಕೊಳ್ಳದ ಸಂದಾಯ ಅದು. ಜೋಳದ ಪಾಳಿಯಲ್ಲಿ ಯೋಧ ಕೊಡಬೇಕಾದದ್ದು ತನ್ನ ಪ್ರಾಣವನ್ನು, ಅಷ್ಟನ್ನೇ. ಪರರ ಪ್ರಾಣದಿಂದ ತನ್ನ ಸಾಲ ತೀರಿಸಿದವನಿಗೆ ನಮ್ಮ ಹಿರಿಯರು ವೀರಗಲ್ಲು ನೆಟ್ಟದ್ದನ್ನು ನಾನು ಎಲ್ಲಿಯೂ ಕಂಡಿಲ್ಲ.