ಏಣಿಯ ಮೆಟ್ಟಿಲು ಮಗುವಿನದು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಒಂಟಿಮನೆಗಳ ಮಕ್ಕಳಿಗೆ ಮಳೆಗಾಲದಲ್ಲಿ ಶಾಲೆ ತಪ್ಪುವುದು ಹೊಸತೇನಲ್ಲ. ಹಳ್ಳ ಇಳಿದು ಮಗು ಮರಳಿ ಬರುವಷ್ಟರಲ್ಲಿ ಪಾಠ ಮುಂದೆ ಸಾಗಿರುತ್ತಿತ್ತು. ಹಿಂದುಳಿದ ಮಗುವಿಗೆ ‘ದಡ್ಡ’ನೆಂಬ ಹೆಸರು ಅಂಟುತ್ತಿತ್ತು. ನನ್ನ ಅಧ್ಯಾಪಕ ವೃತ್ತಿಯಲ್ಲಿ ಇದನ್ನು ಬಹಳ ಕಂಡಿದ್ದೇನೆ.

ಇದಕ್ಕೊಂದು ಉತ್ತರ ಹುಟ್ಟಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ. ಆಂಧ್ರಪ್ರದೇಶದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದ ಸರ್ಕಾರಿ ಶಾಲಾ ಶಿಕ್ಷಕರು, ಯುನಿಸೆಫ್ ನೆರವಿನೊಡನೆ, ತಾವೇ ಕುಳಿತು ಕಲಿಕೆಯ ಕಾರ್ಡುಗಳನ್ನು ಸಿದ್ಧಪಡಿಸಿದರು. ಅದೇ ‘ನಲಿ-ಕಲಿ’. ಪಾಠಗಳು ಏಣಿಯ ಮೆಟ್ಟಿಲುಗಳಾದವು. ತಾನಿರುವ ಮೆಟ್ಟಿಲನ್ನು ಮಗುವೇ ಗುರುತಿಸಿ, ಅದರ ಕಾರ್ಡನ್ನು ತಾನೇ ಎತ್ತಿಕೊಳ್ಳುತ್ತಿತ್ತು. ಎಂಟು ದಿನ ಶಾಲೆ ತಪ್ಪಿದರೂ ಬಿಟ್ಟಲ್ಲಿಂದಲೇ ಕಲಿಕೆ ಮುಂದುವರಿಯುತ್ತಿತ್ತು. ಮಗು ಬರೆದ ಚಿತ್ರ ತಲೆಯ ಮೇಲಿನ ಚಪ್ಪರದಲ್ಲಿ ತೂಗುತ್ತಿತ್ತು.

2009-10ರಲ್ಲಿ ಈ ಪದ್ಧತಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳತರಗತಿಗಳಿಗೆಲ್ಲ ವಿಸ್ತರಿಸಿತು. ಸಂತೋಷವೇ. ಆದರೆ ಕೋಟೆಯ ಶಿಕ್ಷಕರಿಗೆ ಸ್ವಂತ ಕೃತಿಯಾಗಿದ್ದದ್ದು ಉಳಿದವರಿಗೆ ಸುತ್ತೋಲೆಯಾಗಿ ಬಂತು. ಮಗುವಿಗೆ ಸ್ವಾತಂತ್ರ್ಯ ಕೊಡಬೇಕಾದ ಮೇಷ್ಟರಿಗೂ ಅದು ಬೇಡವೇ? ನಮ್ಮ ಅಡಿಕೆ, ಉಂಬಳ, ಕಂಬಳಿಕೊಪ್ಪೆಗಳ ಕುರಿತು ಒಂದು ಕಾರ್ಡನ್ನಾದರೂ ಸ್ವತಃ ಬರೆದು ಸೇರಿಸುವ ಶಿಕ್ಷಕರ ಕೈಯಲ್ಲಿ ಮಾತ್ರ ಆ ಏಣಿ ಜೀವಂತವಾಗಿರುತ್ತದೆಂಬುದು ನನ್ನ ನಂಬಿಕೆ.