ಜಿ6ಪಿಡಿ ಕಿಣ್ವದ ಕೊರತೆ: ಸೋಂಕು ಹಾಗೂ ಔಷಧ ಸೇವನೆಯ ಸಂದರ್ಭದಲ್ಲಿ ಸಾರ್ವಜನಿಕರು ತಿಳಿದಿರಬೇಕಾದ ಅಂಶಗಳು

ಪೀಠಿಕೆ
ಗ್ಲೂಕೋಸ್-6-ಫಾಸ್ಫೇಟ್ ಡಿಹೈಡ್ರೋಜಿನೇಸ್ (ಸಂಕ್ಷಿಪ್ತವಾಗಿ ಜಿ6ಪಿಡಿ) ಜೀವಕೋಶಗಳಲ್ಲಿರುವ ಒಂದು ಚಯಾಪಚಯ ಕಿಣ್ವವಾಗಿರುತ್ತದೆ. ವಿಶ್ವದಾದ್ಯಂತ ಸುಮಾರು 40 ಕೋಟಿ ಜನರಲ್ಲಿ ಇದರ ಕೊರತೆ ಇರುವುದಾಗಿ ಅಂದಾಜಿಸಲಾಗಿದೆ. ಇವರಲ್ಲಿ ಬಹುಪಾಲು ಜನರು ಆರೋಗ್ಯವಂತರಾಗಿಯೇ ಇದ್ದು, ಸೋಂಕು ತಗುಲಿದಾಗ ಅಥವಾ ಕೆಲವು ಔಷಧಗಳನ್ನು ಸೇವಿಸಿದಾಗ ಮಾತ್ರ ತೊಂದರೆಗೆ ಒಳಗಾಗುತ್ತಾರೆ.

ಕಿಣ್ವದ ಕಾರ್ಯ
ಈ ಕಿಣ್ವವು ಸಕ್ಕರೆಯ ಅಂಶವನ್ನು ಬಳಸಿ ಎನ್‌ಎಡಿಪಿಎಚ್ ಎಂಬ ವಸ್ತುವನ್ನು ಉತ್ಪಾದಿಸುತ್ತದೆ. ಗ್ಲುಟಾಥಯೋನ್ ಸಕ್ರಿಯವಾಗಿದ್ದು ಜೀವಕೋಶವನ್ನು ಉತ್ಕರ್ಷಣದ ಹಾನಿಯಿಂದ ಕಾಪಾಡಲು ಈ ವಸ್ತು ಅವಶ್ಯಕ. ಇತರ ಜೀವಕೋಶಗಳಿಗೆ ಇದನ್ನು ಪಡೆಯುವ ಬೇರೆ ಮಾರ್ಗಗಳಿವೆ. ಮೈಟೋಕಾಂಡ್ರಿಯಾ ಇಲ್ಲದ ಕೆಂಪು ರಕ್ತಕಣಗಳಿಗೆ ಸದರಿ ಕಿಣ್ವವೇ ಆಧಾರ. ಆದುದರಿಂದ ಕೊರತೆಯ ಪರಿಣಾಮವು ಮೊದಲು ರಕ್ತದಲ್ಲಿ ಕಂಡುಬರುತ್ತದೆ.

ತೊಂದರೆ ಉಂಟುಮಾಡುವ ಸಂದರ್ಭಗಳು
1. ಸೋಂಕು: ವೈರಾಣು ಕಾಮಾಲೆ, ನ್ಯುಮೋನಿಯಾ ಮುಂತಾದವು. ರೋಗಾಣುಗಳನ್ನು ನಾಶಪಡಿಸಲು ಬಿಳಿ ರಕ್ತಕಣಗಳು ಬಿಡುಗಡೆ ಮಾಡುವ ಉತ್ಕರ್ಷಕ ವಸ್ತುಗಳು ಕೆಂಪು ಕಣಗಳನ್ನೂ ಘಾಸಿಗೊಳಿಸುತ್ತವೆ.
2. ಔಷಧ: ಪ್ರೈಮಾಕ್ವಿನ್, ಡ್ಯಾಪ್ಸೋನ್, ನೈಟ್ರೋಫ್ಯುರಾಂಟಾಯಿನ್ ಇತ್ಯಾದಿ. ಪ್ರೈಮಾಕ್ವಿನ್‌ನಿಂದ ಕೆಲವರಲ್ಲಿ ಮಾತ್ರ ರಕ್ತಕಣಗಳು ನಾಶವಾಗಲು ಈ ಕೊರತೆಯೇ ಕಾರಣವೆಂಬುದು 1956ರಲ್ಲಿ ಅಮೆರಿಕದಲ್ಲಿ ಪತ್ತೆಯಾಯಿತು.
3. ಫಾವಾ ಬೀನ್ಸ್ ಸೇವನೆ ಮತ್ತು ನ್ಯಾಫ್ತಲೀನ್ ನುಸಿಗುಳಿಗೆಗಳ ಸಂಪರ್ಕ.

ಲಕ್ಷಣಗಳು
ಸಾಮಾನ್ಯವಾಗಿ 1ರಿಂದ 3 ದಿನಗಳೊಳಗೆ ಮೂತ್ರವು ಕಪ್ಪು ಚಹಾದ ಬಣ್ಣಕ್ಕೆ ತಿರುಗುವುದು, ಕಣ್ಣು ಹಳದಿಯಾಗುವುದು, ಮೈ ಬಿಳಿಚಿಕೊಳ್ಳುವುದು, ಸುಸ್ತು ಮತ್ತು ಉಬ್ಬಸ. ನವಜಾತ ಶಿಶುಗಳಲ್ಲಿ ತೀವ್ರ ಕಾಮಾಲೆ ಉಂಟಾಗಬಹುದು. ಚಿಕಿತ್ಸೆ ದೊರೆಯದಿದ್ದಲ್ಲಿ ಮೆದುಳಿಗೆ ಶಾಶ್ವತ ಹಾನಿಯಾಗುವ ಸಂಭವವಿರುತ್ತದೆ.

ಆನುವಂಶಿಕತೆ
ಈ ವಂಶವಾಹಿಯು ಎಕ್ಸ್ ವರ್ಣತಂತುವಿನಲ್ಲಿದ್ದು, ಗಂಡುಮಕ್ಕಳಿಗೆ ತಾಯಿಯಿಂದ ಬರುತ್ತದೆ. ಆದ್ದರಿಂದ ತೀವ್ರ ಕೊರತೆಯು ಪುರುಷರಲ್ಲಿ ಹೆಚ್ಚು. ಮಹಿಳೆಯರಲ್ಲಿಯೂ ಭಾಗಶಃ ಕೊರತೆ ಇರಬಹುದು. ಇದು ಒಬ್ಬರಿಂದ ಒಬ್ಬರಿಗೆ ಹರಡುವ ರೋಗವಲ್ಲ.

ಪರೀಕ್ಷೆ
ರಕ್ತಪರೀಕ್ಷೆಯಿಂದ ಕೊರತೆಯನ್ನು ಪತ್ತೆ ಮಾಡಬಹುದು. ರಕ್ತಕಣಗಳು ನಾಶವಾಗುತ್ತಿರುವ ಅವಧಿಯಲ್ಲಿ ಹೆಚ್ಚು ಕಿಣ್ವವುಳ್ಳ ಎಳೆಯ ಕಣಗಳೇ ಅಧಿಕವಾಗಿರುವುದರಿಂದ ಫಲಿತಾಂಶವು ಸಹಜವೆಂದು ಬರುವ ಸಾಧ್ಯತೆಯಿದೆ. ಅಂತಹವರು ಸುಮಾರು 3 ತಿಂಗಳ ನಂತರ ಮರುಪರೀಕ್ಷೆ ಮಾಡಿಸಿಕೊಳ್ಳುವುದು ಸೂಕ್ತ.

ಸಾರ್ವಜನಿಕರಿಗೆ ಸೂಚನೆಗಳು
1. ಕೊರತೆ ದೃಢಪಟ್ಟವರು ಪರೀಕ್ಷಾ ವರದಿಯನ್ನು ಪ್ರತಿ ಬಾರಿಯೂ ವೈದ್ಯರಿಗೆ ಹಾಗೂ ಔಷಧ ವಿತರಕರಿಗೆ ತೋರಿಸತಕ್ಕದ್ದು.
2. ವೈವಾಕ್ಸ್ ಮಲೇರಿಯಾದ ರೋಗಾಣು ಯಕೃತ್ತಿನಲ್ಲಿ ಅಡಗಿದ್ದು ಮರುಕಳಿಸುವುದರಿಂದ ಪ್ರೈಮಾಕ್ವಿನ್ ನೀಡಲಾಗುತ್ತದೆ. ಕೊರತೆ ಇರುವವರಿಗೆ ವಾರಕ್ಕೊಮ್ಮೆಯಂತೆ 8 ವಾರಗಳ ಕಾಲ, ವೈದ್ಯರ ನಿಗಾದಲ್ಲಿ ನೀಡುವ ಕ್ರಮವೂ ಇದೆ. ಭಯದಿಂದ ಚಿಕಿತ್ಸೆಯನ್ನು ತಾವಾಗಿಯೇ ನಿಲ್ಲಿಸಬಾರದು.
3. ಔಷಧ ಸೇವನೆಯ ನಂತರ ಮೂತ್ರದ ಬಣ್ಣ ಕಪ್ಪಾದಲ್ಲಿ ಮುಂದಿನ ಗುಳಿಗೆಯನ್ನು ಸೇವಿಸದೆ ಕೂಡಲೇ ಸಮೀಪದ ಆಸ್ಪತ್ರೆಯನ್ನು ಸಂಪರ್ಕಿಸತಕ್ಕದ್ದು.
4. ಕುಟುಂಬದಲ್ಲಿ ಒಬ್ಬರಿಗೆ ಕೊರತೆ ಇದ್ದಲ್ಲಿ, ಆ ವಿಷಯವನ್ನು ಹೆರಿಗೆಯ ಮುನ್ನವೇ ವೈದ್ಯರ ಗಮನಕ್ಕೆ ತರುವುದು ಶಿಶುವಿನ ಹಿತದೃಷ್ಟಿಯಿಂದ ಅತ್ಯಗತ್ಯ.